ಪಿ 0171 ಬಂದರೆ ಯಾವ ಸೆನ್ಸರ್ ಬದಲಿಸಬೇಕು? – ಬಳ್ಳಾರಿಯ ಮೇಸ್ತ್ರಿಗಳೊಂದಿಗೆ ಪ್ರಶ್ನೋತ್ತರ

ಸಂಡೂರಿನ ಸದಸ್ಯ: ಮೇಸ್ತ್ರಿಗಳೇ, ನಮಸ್ಕಾರ. ನಮ್ಮ ಪೆಟ್ರೋಲ್ ಸೆಡಾನ್‌ನಲ್ಲಿ ಇಂಜಿನ್ ದೀಪ ಹತ್ತಿದೆ. ಸ್ಕ್ಯಾನರ್ ಪಿ 0171 ಮತ್ತು ಪಿ 0301 ಎಂಬ ದೋಷದ ಕೋಡ್‌ಗಳನ್ನು ತೋರಿಸುತ್ತಿದೆ. ನಿಂತಲ್ಲಿ ಗಾಡಿ ನಡುಗುತ್ತದೆ. ಅದಿರಿನ ಧೂಳಿನ ರಸ್ತೆಯಲ್ಲೇ ಓಡಾಟವಾದ್ದರಿಂದ ಹೋದ ವಾರ ಏರ್ ಫಿಲ್ಟರ್ ಬದಲಿಸಿದ್ದೆವು. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಹಾಕಿಸಿ ಎನ್ನುತ್ತಾರೆ.

ಮೇಸ್ತ್ರಿ: ಸದ್ಯಕ್ಕೆ ಯಾವ ಸೆನ್ಸರನ್ನೂ ಕೊಳ್ಳಬೇಡಿ. ಪಿ 0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದಷ್ಟೇ ಅರ್ಥ. ಪಿ 0301 ಎಂದರೆ ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಕೋಡ್ ಎಲ್ಲಿ ಹುಡುಕಬೇಕೆಂದು ಹೇಳುತ್ತದೆಯೇ ಹೊರತು ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಸ್ಕ್ಯಾನರ್‌ನಲ್ಲಿ ಶಾರ್ಟ್ ಮತ್ತು ಲಾಂಗ್ ಫ್ಯುಯಲ್ ಟ್ರಿಮ್ ಎಂಬ ಎರಡು ಅಂಕಿಗಳಿರುತ್ತವೆ; ಇಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ತಗ್ಗಿಸಿದೆ ಎಂದು ಅವು ಹೇಳುತ್ತವೆ. ಇಂಜಿನ್ ಬಿಸಿಯಾದ ಮೇಲೆ ಅವೆರಡನ್ನೂ ಕೂಡಿಸಿ, ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ ಬರೆದು ಕಳುಹಿಸಿ. ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ನಿಮ್ಮ ಗಾಡಿಯಲ್ಲಿದೆಯೇ ಎಂಬುದನ್ನೂ ನೋಡಿ.

ಕುಷ್ಟಗಿಯ ಸದಸ್ಯ: ಸರ್, ನನಗೆ ಪಿ 0420 ಬಂದಿದೆ. ಯಾವ ಭಾಗ ಬದಲಿಸಲಿ?

ಗಂಗಾವತಿಯ ಸದಸ್ಯ: ಇದಕ್ಕೆ ಸುಲಭದ ಮದ್ದಿದೆ. ಟ್ಯಾಂಕಿಗೆ ಒಂದು ಲೀಟರ್ ಥಿನ್ನರ್ ಸುರಿದು ಹೆದ್ದಾರಿಯಲ್ಲಿ ಓಡಿಸಿದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸ್ವಚ್ಛವಾಗುತ್ತದೆ. ವಿಡಿಯೊ ಎಲ್ಲ ಗುಂಪುಗಳಲ್ಲೂ ಬಂದಿದೆ.

ಮೇಸ್ತ್ರಿ: ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಥಿನ್ನರ್ ಇಂಧನದ ಕೊಳವೆಗಳ ರಬ್ಬರ್ ಸೀಲುಗಳನ್ನು ಹಾಳುಮಾಡಬಲ್ಲದು. ನಮ್ಮ ಬಿಸಿಲಿನಲ್ಲಿ ಅದನ್ನು ಟ್ಯಾಂಕಿಗೆ ಸುರಿಯುವ ಹೊತ್ತಿಗೆ ಬೆಂಕಿಯ ಅಪಾಯವೂ ಇದೆ. ಪಿ 0420 ಎಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ; ಅದು ಕಂಡರೆ ಮೊದಲು ಸೈಲೆನ್ಸರ್ ಪೈಪಿನಲ್ಲಿ ಸೋರಿಕೆಯಿದೆಯೇ, ಇಂಜಿನ್ ಮಿಸ್ ಹೊಡೆಯುತ್ತಿದೆಯೇ, ಆಯಿಲ್ ಸುಡುತ್ತಿದೆಯೇ ಎಂದು ನೋಡಬೇಕು. ಕಾರಣ ಉಳಿಸಿಕೊಂಡು ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಹಾಳಾಗುತ್ತದೆ.

ರಾಯಚೂರಿನ ಸದಸ್ಯ: ನಮ್ಮ ಭಾವನವರು ಥಿನ್ನರ್ ಹಾಕಿ, ಬ್ಯಾಟರಿಯ ತಂತಿ ಹತ್ತು ನಿಮಿಷ ಬಿಚ್ಚಿಟ್ಟರು. ದೀಪ ಆರಿತು. ಕಣ್ಣಾರೆ ಕಂಡಿದ್ದೇನೆ.

ಸಿರುಗುಪ್ಪದ ಸದಸ್ಯ: ತಂತಿ ಬಿಚ್ಚಿದರೆ ಇಂಜಿನ್ ಕಂಪ್ಯೂಟರಿನ ನೆನಪು ಅಳಿದು ದೀಪ ಆರುತ್ತದೆ. ಥಿನ್ನರಿನ ಪಾತ್ರ ಅದರಲ್ಲಿ ಏನಿದೆ?

ರಾಯಚೂರಿನ ಸದಸ್ಯ: ನೀವು ಮೇಸ್ತ್ರಿಯೇ? ಅನುಭವದಿಂದ ಹೇಳುತ್ತಿರುವವರ ಮಾತನ್ನೂ ಸ್ವಲ್ಪ ಕೇಳಬೇಕು.

ಗಂಗಾವತಿಯ ಸದಸ್ಯ: ಹೌದು, ಮೇಸ್ತ್ರಿಗಳಿಗೆ ಇಂಥ ಮದ್ದು ಗೊತ್ತಾದರೆ ಅಂಗಡಿ ನಡೆಯುವುದಿಲ್ಲ.

ಮಾನ್ವಿಯ ಸದಸ್ಯ: ಸಿಎನ್‌ಜಿ ಕಿಟ್ ಹಾಕಿಸಿದ ಮೇಲೆ ಪಿ 0172 ಬರುತ್ತಿದೆ. ದಯವಿಟ್ಟು ತಿಳಿಸಿ.

ಸಂಡೂರಿನ ಸದಸ್ಯ: ನಮ್ಮ ಗಾಡಿಯಲ್ಲಿ ಎಂಎಎಫ್ ಇದೆ. ಐಡಲ್‌ನಲ್ಲಿ +24, 2500ರಲ್ಲಿ +5.

ಮೇಸ್ತ್ರಿ: ಇದೇ ನನಗೆ ಬೇಕಾಗಿದ್ದ ಅಂಕಿ. ಎಂಎಎಫ್‌ಗೆ ಧೂಳು ಹಿಡಿದಿದ್ದರೆ ಅಥವಾ ಪೆಟ್ರೋಲ್ ಪಂಪ್ ದುರ್ಬಲವಾಗಿದ್ದರೆ, ವೇಗ ಹೆಚ್ಚಿದಂತೆ ಅಂಕಿ ಏರುವುದು ಸಾಮಾನ್ಯ, ನಿಮ್ಮಲ್ಲಿ ಇಳಿದಿದೆ. ಅಂದರೆ ಅಳತೆಯಾಗದ ಗಾಳಿ ಎಂಎಎಫ್ ದಾಟಿದ ಮೇಲೆ ಒಳನುಗ್ಗುತ್ತಿದೆ: ಐಡಲ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆಯಿರುವುದರಿಂದ ಸೋರಿಕೆಯ ಪಾಲು ದೊಡ್ಡದು, ವೇಗದಲ್ಲಿ ಚಿಕ್ಕದು. ಫಿಲ್ಟರ್ ಬದಲಿಸುವಾಗ ಇಂಜಿನ್‌ಗೆ ಗಾಳಿ ಒಯ್ಯುವ ರಬ್ಬರ್ ನಳಿಕೆಯ ಕ್ಲಾಂಪ್ ಸಡಿಲ ಉಳಿದಿರಬಹುದು. ಇಂಜಿನ್ ತಣ್ಣಗಿರುವಾಗ ನಳಿಕೆಯ ಮಡಿಕೆಗಳನ್ನು ಬಿಡಿಸಿ, ಕೆಳಬದಿಯಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಿ. ಅಲ್ಲಿ ಸರಿಯಿದ್ದರೆ ಒಂದನೇ ಸಿಲಿಂಡರಿನ ಬಳಿಯ ಇಂಟೇಕ್ ಗ್ಯಾಸ್ಕೆಟ್ ಮತ್ತು ಸಣ್ಣ ವ್ಯಾಕ್ಯೂಮ್ ಹೋಸುಗಳನ್ನು ಹೊಗೆ ಪರೀಕ್ಷೆಯಿಂದ (ಒಳಗೆ ಹೊಗೆ ಬಿಟ್ಟು ಸೋರುವ ಜಾಗ ಹುಡುಕುವುದು) ನೋಡಿಸಿ. ಜತೆಗೆ ಒಂದನೇ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲನ್ನು ಎರಡನೆಯದರ ಜಾಗಕ್ಕೆ ಹಾಕಿಸಿ. ಕೋಡ್ ಪಿ 0302 ಆದರೆ ದೋಷ ಕಾಯಿಲಿನದು. ದೀಪ ಮಿನುಗತೊಡಗಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿಬಿಡಿ, ಏಕೆಂದರೆ ಉರಿಯದ ಪೆಟ್ರೋಲ್ ಕನ್ವರ್ಟರ್‌ನೊಳಗೆ ಹೊತ್ತಿಕೊಂಡು ಅದನ್ನು ಕರಗಿಸಿಬಿಡಬಹುದು.

ಕೊಪ್ಪಳದ ಸದಸ್ಯ: ಪಿ 0455?

ಮೇಸ್ತ್ರಿ: ಅದು ಪೆಟ್ರೋಲ್ ಆವಿ ಸೋರುತ್ತಿದೆ ಎಂಬ ಕೋಡ್. ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ನೋಡಿ.

ಕುಷ್ಟಗಿಯ ಸದಸ್ಯ: ಸರ್, ಪಿ 0420ಕ್ಕೆ ಯಾವ ಭಾಗ ಎಂದು ಇನ್ನೂ ಹೇಳಲಿಲ್ಲ.

ಮೇಸ್ತ್ರಿ: ಮೇಲೆ ಬರೆದಿದ್ದೇನೆ, ಓದಿ.

ರಾಯಚೂರಿನ ಸದಸ್ಯ: ಭಾವನವರ ಗಾಡಿಯ ಬಗ್ಗೆ ಉತ್ತರ ಬರಲಿಲ್ಲ.

ಮೇಸ್ತ್ರಿ: ತಂತಿ ಬಿಚ್ಚಿದಾಗ ಕೋಡಿನ ಜತೆಗೆ, ದೋಷ ಕಂಡ ಕ್ಷಣದ ವೇಗ, ತಾಪಮಾನಗಳ ದಾಖಲೆಯೂ ಅಳಿಯುತ್ತದೆ. ಇಂಜಿನ್ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಮೊದಲಿನಿಂದ ನಡೆಸಬೇಕಾಗುತ್ತದೆ; ದೋಷ ಉಳಿದಿದ್ದರೆ ಕೆಲವು ದಿನಗಳ ಓಡಾಟದಲ್ಲಿ ದೀಪ ಮತ್ತೆ ಬರುತ್ತದೆ. ಥಿನ್ನರಿನ ವಿಡಿಯೊವನ್ನು ಇನ್ನೊಮ್ಮೆ ಹಾಕುವವರ ಪ್ರಶ್ನೆಗಳಿಗೆ ನಾನು ಉತ್ತರಿಸುವುದಿಲ್ಲ.

ಗಂಗಾವತಿಯ ಸದಸ್ಯ: ಉತ್ತರ ಕೇಳಿದವರು ಯಾರು?

ಸಂಡೂರಿನ ಸದಸ್ಯ: ನಳಿಕೆಯ ಕೆಳಗೆ ಬೆರಳಗಲದ ಸೀಳಿದೆ, ಮೇಸ್ತ್ರಿಗಳೇ. ಸದ್ಯಕ್ಕೆ ಟೇಪ್ ಸುತ್ತಬಹುದೇ?

ಮೇಸ್ತ್ರಿ: ಗ್ಯಾರೇಜಿನವರೆಗೆ ಹೋಗಲು ಮಾತ್ರ. ನಳಿಕೆಯನ್ನೇ ಬದಲಿಸಿ, ಆಮೇಲೆ ಅಂಕಿಗಳನ್ನು ಮತ್ತೆ ಕಳುಹಿಸಿ.