ಬೀಜಿಂಗ್ ಹೊಗೆ ಇಳಿದದ್ದು ಬರೀ ಸರ್ವಾಧಿಕಾರದಿಂದಾನಾ?

ಕಿಟಕಿಪಕ್ಕ:

ಗಾಳಿ ಹಾಳಾಗಿರುವ ಬಗ್ಗೆ ಎಲ್ಲೇ ಮಾತು ಶುರುವಾದರೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. "ಚೀನಾದಲ್ಲಿ ಮೇಲಿನವರು ಒಂದು ಮಾತು ಹೇಳಿದರೆ ಸಾಕು, ಕಾರ್ಖಾನೆಗೆ ಬೀಗ ಬೀಳುತ್ತದೆ, ನಮ್ಮಲ್ಲಿ ಅದೆಲ್ಲ ನಡೆಯಲ್ಲ ಬಿಡಿ" ಅಂತ. ನನಗೆ ಈ ಮಾತು ಒಪ್ಪಿಗೆ ಆಗುತ್ತಿಲ್ಲ.

2013ರ ಜನವರಿಯಲ್ಲಿ ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿಯ ಮಾಪಕ ವಾಯು ಗುಣಮಟ್ಟದ ಸೂಚ್ಯಂಕ 755 ತೋರಿಸಿತ್ತು. ಆ ಸೂಚ್ಯಂಕ ಇರುವುದೇ 500ರವರೆಗೆ. ಆ ವರ್ಷ ನಗರದ ಪಿಎಂ 2.5 (ಉಸಿರಿನ ಜೊತೆ ಎದೆಯೊಳಗೆ ಇಳಿಯುವಷ್ಟು ಸಣ್ಣ ಕಣಗಳು) ಸರಾಸರಿ ಒಂದು ಘನ ಮೀಟರ್‌ಗೆ 89.5 ಮೈಕ್ರೋಗ್ರಾಂ. 2017ಕ್ಕೆ ಅದು 58ಕ್ಕೆ ಬಂತು, 2021ಕ್ಕೆ 33. ಇದು ಸಣ್ಣ ಇಳಿಕೆ ಅಲ್ಲ. ಆದರೆ ಅದೇ ಪಕ್ಷ, ಅದೇ ಆಡಳಿತ 2013ಕ್ಕಿಂತ ಮೊದಲೂ ಇತ್ತಲ್ವಾ? ಆಗ ಹೊಗೆ ಯಾಕೆ ಇಳಿಯಲಿಲ್ಲ? ಏನು ಬದಲಾಯಿತು ಅಂತ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ. "ಅಲ್ಲಿ ಹಾಗೆ, ಇಲ್ಲಿ ಹೀಗೆ" ಅನ್ನುವ ಉತ್ತರ ಬೇಡ, ಅದನ್ನು ಕೇಳಿ ಕೇಳಿ ಸಾಕಾಗಿದೆ.

ಬಾಯ್ಲರ್‌ಮನೆ:

ನಾನು ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವನು, ಹಾಗಾಗಿ ಚಿಮಣಿಯ ಕಡೆಯಿಂದ ಹೇಳುತ್ತೇನೆ.

ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಉರಿದಾಗ ಅದು ಸಲ್ಫರ್ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಅಲ್ಲಿಗೆ ಕಥೆ ಮುಗಿಯಲ್ಲ. ಗಾಳಿಯಲ್ಲಿ ಹೋಗುತ್ತಾ ಹೋಗುತ್ತಾ ಅಮೋನಿಯಾ ಜೊತೆ ಸೇರಿ ಸಲ್ಫೇಟ್ ಕಣ ಆಗುತ್ತದೆ, ಅಂದರೆ ಅದೇ ಪಿಎಂ 2.5, ನೂರಾರು ಕಿಲೋಮೀಟರ್ ದೂರಕ್ಕೂ ಹೋಗಿ ಯಾರದೋ ಎದೆಗೂಡಿಗೆ ಇಳಿಯುತ್ತದೆ. ಇದನ್ನು ತಡೆಯುವ ಯಂತ್ರಕ್ಕೆ ಎಫ್‌ಜಿಡಿ ಅನ್ನುತ್ತೇವೆ. ಸುಣ್ಣದಕಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ ಆ ಸ್ಲರಿಯನ್ನು ಹೊಗೆಯ ಮೇಲೆ ಎರಚುತ್ತಾ ಇರುವುದು. ಗಂಧಕ ಅದರಲ್ಲಿ ಸಿಕ್ಕಿಕೊಂಡು ಜಿಪ್ಸಂ ಆಗುತ್ತದೆ.

ಸಮಸ್ಯೆ ಇರುವುದು ಇಲ್ಲಿ. ಯಂತ್ರ ಹಾಕುವುದು ಒಂದು, ಓಡಿಸುವುದು ಇನ್ನೊಂದು. ಪಂಪು, ಫ್ಯಾನು, ಸುಣ್ಣದಕಲ್ಲು, ನೀರು, ಎಲ್ಲಕ್ಕೂ ದಿನಾ ಖರ್ಚು. ಸ್ಥಾವರ ತಯಾರಿಸಿದ ಕರೆಂಟಿನಲ್ಲೇ ಒಂದು ಪಾಲು ಅದಕ್ಕೆ ಹೋಗುತ್ತದೆ. ಯಂತ್ರದ ಪಕ್ಕದಲ್ಲಿ ಒಂದು ಬೈಪಾಸ್ ಕೊಳವೆ ಇರುತ್ತಿತ್ತು. ಅದರ ಡ್ಯಾಂಪರ್ (ತಡೆಬಾಗಿಲು) ತೆಗೆದರೆ ಹೊಗೆ ಯಂತ್ರಕ್ಕೆ ಹೋಗದೆ ನೇರ ಚಿಮಣಿಗೆ. ಚೀನಾದ ಎಷ್ಟೋ ಸ್ಥಾವರಗಳು ಮೊದಲು ಮಾಡಿದ್ದು ಇದನ್ನೇ. ತಪಾಸಣೆಯವರು ಬಂದಾಗ ಯಂತ್ರ ಓಡುತ್ತದೆ, ಅವರು ಹೋದ ಮೇಲೆ ನಿಲ್ಲುತ್ತದೆ. ಆದೇಶ ಇತ್ತು, ಸರ್ವಾಧಿಕಾರವೂ ಇತ್ತು, ಹೊಗೆಯೂ ಇತ್ತು.

ಆಮೇಲೆ ಅವರು ಲೆಕ್ಕ ಬದಲಾಯಿಸಿದರು. ಎಫ್‌ಜಿಡಿ ಓಡಿಸುವ ಸ್ಥಾವರದ ಕರೆಂಟಿಗೆ ಯೂನಿಟ್‌ಗೆ 1.5 ಫೆನ್ ಜಾಸ್ತಿ ಬೆಲೆ ಕೊಟ್ಟರು (100 ಫೆನ್ ಅಂದರೆ 1 ಯುವಾನ್). ಚಿಮಣಿಯಲ್ಲಿ ಸದಾ ಅಳೆಯುವ ಮೀಟರ್ ಕೂರಿಸಿದರು. ಯಂತ್ರ ನಿಲ್ಲಿಸಿದ್ದು ಗೊತ್ತಾದರೆ ಆ ಹೆಚ್ಚುವರಿ ದುಡ್ಡು ವಾಪಸ್ ಕೊಡಬೇಕು, ಮೇಲೆ ದಂಡ. ಬೈಪಾಸ್‌ಗೆ ಸೀಲ್ ಹಾಕಿಸಿದರು. ಆಗ ಯಂತ್ರ ನಿಲ್ಲಿಸಿದರೆ ನಷ್ಟ, ಓಡಿಸಿದರೆ ಲಾಭ ಅನ್ನುವ ಹಾಗಾಯಿತು. ಚೀನಾದ ಸಲ್ಫರ್ ಡೈಆಕ್ಸೈಡ್ ತುತ್ತತುದಿ ಮುಟ್ಟಿದ್ದು 2006ರ ಹೊತ್ತಿಗೆ, 2010ಕ್ಕೆ 2005ಕ್ಕಿಂತ ಸುಮಾರು 14% ಕಡಿಮೆ. ಅಂದರೆ 2013ರ ಗಲಾಟೆಗೂ ಮೊದಲೇ ಈ ಪಾಠ ಅವರಿಗೆ ಸಿಕ್ಕಿತ್ತು.

ನಕ್ಷೆಗಾರ:

ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಅರ್ಧ ಇದೆ: ಅಂಕಿ ಯಾರ ಕೈಯಲ್ಲಿತ್ತು ಅನ್ನುವುದು.

ಬೀಜಿಂಗ್ ಆಡಳಿತ ಮೊದಲು ಪಿಎಂ 2.5 ಅಂಕಿಯನ್ನು ಜನರಿಗೆ ಕೊಡುತ್ತಲೇ ಇರಲಿಲ್ಲ. ರಾಯಭಾರ ಕಚೇರಿ 2008ರಲ್ಲಿ ತನ್ನ ಕಟ್ಟಡದಲ್ಲೇ ಮಾಪಕ ಇಟ್ಟು ಗಂಟೆ ಗಂಟೆಗೂ ಅಂಕಿ ಹೇಳತೊಡಗಿತು. ಸರ್ಕಾರಿ ಬುಲೆಟಿನ್ ಒಂದು ಹೇಳುತ್ತದೆ, ಇದು ಇನ್ನೊಂದು ಹೇಳುತ್ತದೆ, ಜನ ಕಿಟಕಿಯಿಂದ ನೋಡಿದರೆ ಎದುರಿನ ಕಟ್ಟಡ ಕಾಣಲ್ಲ. ಆ ಒತ್ತಡಕ್ಕೆ 2012ರಲ್ಲಿ ರಾಷ್ಟ್ರೀಯ ಮಾನದಂಡದಲ್ಲೇ ಪಿಎಂ 2.5 ಸೇರಿತು, ವರ್ಷದ ಮಿತಿ 35. 2013ರ ಸೆಪ್ಟೆಂಬರ್ ಯೋಜನೆಯಲ್ಲಿ ಬೀಜಿಂಗ್‌ಗೆ 2017ರೊಳಗೆ ಸುಮಾರು 60ಕ್ಕೆ ಇಳಿಸಬೇಕು ಅಂತ ಗುರಿ ಕೊಟ್ಟರು. ಅಕ್ಕಪಕ್ಕದ ಹೆಬೆಯ್, ತಿಯಾಂಜಿನ್ ಕಡೆಗೂ 25% ಇಳಿಕೆಯ ಗುರಿ. ಅಧಿಕಾರಿಗಳ ಕೆಲಸವನ್ನು ಇದರ ಮೇಲೂ ಅಳೆಯಲು ಶುರು ಮಾಡಿದರು. 2015ರ ಕಾನೂನಿನಲ್ಲಿ ದಂಡ ದಿನದಿನಕ್ಕೂ ಕೂಡುತ್ತಾ ಹೋಗುವಂತೆ ಮಾಡಿದರು. ಅದಕ್ಕೂ ಮೊದಲು ಒಂದು ಸಲ ದಂಡ ಕಟ್ಟಿ ಹೊಗೆ ಬಿಡುವುದೇ ಅಗ್ಗವಾಗಿತ್ತು.

ಒತ್ತಡ ಬಿದ್ದ ಕೂಡಲೇ ಏನಾಯಿತು ಗೊತ್ತಾ? ಶಿಯಾನ್ ನಗರದಲ್ಲಿ 2016ರಲ್ಲಿ ಪರಿಸರ ಇಲಾಖೆಯ ಅಧಿಕಾರಿಗಳೇ ಮಾಪನ ಕೇಂದ್ರಕ್ಕೆ ನುಗ್ಗಿ ಗಾಳಿ ಒಳಗೆಳೆಯುವ ಕೊಳವೆಗೆ ಹತ್ತಿ ನೂಲು ತುರುಕಿದರು. ಗಾಳಿ ಸೋಸಿ ಒಳಗೆ ಹೋಗಿ ಅಂಕಿ ಕಡಿಮೆ ಬರಲಿ ಅಂತ. ಸಿಕ್ಕಿಬಿದ್ದರು, ಜೈಲು ಶಿಕ್ಷೆಯೂ ಆಯಿತು. ಅದೇ ಹೊತ್ತಿಗೆ ಕೇಂದ್ರ ಸರ್ಕಾರ ಮುಖ್ಯ ಮಾಪನ ಕೇಂದ್ರಗಳನ್ನು ಸ್ಥಳೀಯ ಆಡಳಿತದ ಕೈಯಿಂದ ತೆಗೆದುಕೊಂಡಿತು. ಗುರಿ ಮುಟ್ಟಬೇಕಾದವನ ಕೈಗೇ ಮಾಪಕ ಕೊಡಬಾರದು, ಇಷ್ಟೇ ವಿಷಯ. ಇದಕ್ಕೆ ಸರ್ವಾಧಿಕಾರ ಬೇಕಿಲ್ಲ.

ಹುಲ್ಲುಹಾಸು:

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ, ಆದರೆ ಇದಕ್ಕೆ ಬೆಲೆ ತೆತ್ತವರು ಯಾರು ಅನ್ನುವುದನ್ನು ಬಿಟ್ಟುಬಿಟ್ಟಿರಿ. ನನಗೆ ಅದೇ ಮುಖ್ಯ.

2017ರ ಕೊನೆಗೆ ಗುರಿ ಮುಟ್ಟಬೇಕಿತ್ತು. ಬೀಜಿಂಗ್ ಸುತ್ತಲಿನ ಹಳ್ಳಿಗಳಲ್ಲಿ ಮನೆ ಬಿಸಿ ಮಾಡುವ ಕಲ್ಲಿದ್ದಲು ಒಲೆಗಳನ್ನು ಕಿತ್ತು ಗ್ಯಾಸ್ ಅಥವಾ ಕರೆಂಟಿಗೆ ಬದಲಾಯಿಸುವ ಕೆಲಸ ಭರದಿಂದ ನಡೆಯಿತು. ಚಳಿ ಬಂತು, ಗ್ಯಾಸ್ ಬರಲಿಲ್ಲ. ಹೆಬೆಯ್‌ನ ಚುಯಾಂಗ್ ಕೌಂಟಿಯಲ್ಲಿ ಶಾಲೆ ಒಳಗೆ ಕೂರಲಾಗದಷ್ಟು ಚಳಿ, ಮಕ್ಕಳನ್ನು ಅಂಗಳಕ್ಕೆ ಕರೆತಂದು ಬಿಸಿಲಲ್ಲಿ ಕೂರಿಸಿ ಪಾಠ ಮಾಡಿದರು. ಆ ಸುದ್ದಿ ಹರಡಿದ ಮೇಲೆ, ಬದಲಾವಣೆ ಮುಗಿಯದ ಕಡೆ ಕಲ್ಲಿದ್ದಲು ಉರಿಸಬಹುದು ಅಂತ ಡಿಸೆಂಬರ್‌ನಲ್ಲಿ ಪರಿಸರ ಸಚಿವಾಲಯ ಹೇಳಬೇಕಾಯಿತು. ಸರ್ವಾಧಿಕಾರ ಕೆಲಸ ಮಾಡಿದ್ದು ಇಲ್ಲಿ. ಬಡವರ ಒಲೆ ಕೀಳಲು ಯಾರನ್ನೂ ಕೇಳಬೇಕಿರಲಿಲ್ಲ.

ಇನ್ನೊಂದು, ಬೀಜಿಂಗ್‌ನ ದೊಡ್ಡ ಉಕ್ಕಿನ ಕಾರ್ಖಾನೆ ಶೌಗಾಂಗ್ ಮುಚ್ಚಿಹೋಗಲಿಲ್ಲ, ಹೆಬೆಯ್ ಕರಾವಳಿಯ ತ್ಸಾವ್‌ಫೆಯ್‌ದಿಯನ್‌ಗೆ ಹೋಯಿತು. ರಾಜಧಾನಿಯ ಆಕಾಶ ತಿಳಿಯಾಯಿತು ಅಂದ ಮಾತ್ರಕ್ಕೆ ಅಲ್ಲಿನವರ ಆಕಾಶವೂ ಅಷ್ಟೇ ತಿಳಿಯಾಯಿತು ಅಂತಲ್ಲ. ಪಿಎಂ ಇಳಿದ ವರ್ಷಗಳಲ್ಲೇ ಬೇಸಿಗೆಯಲ್ಲಿ ನೆಲಮಟ್ಟದ ಓಝೋನ್ ಏರಿತು, ಅದೂ ಎದೆಗೆ ಕೆಟ್ಟದ್ದೇ. ಜಗತ್ತಿನ ಕಲ್ಲಿದ್ದಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇಂದಿಗೂ ಚೀನಾದಲ್ಲೇ ಉರಿಯುತ್ತಿದೆ.

ಕಿಟಕಿಪಕ್ಕ:

ತುಂಬಾ ಥ್ಯಾಂಕ್ಸ್. ಹುಲ್ಲುಹಾಸು ಹೇಳಿದ ಮಕ್ಕಳ ವಿಷಯ ಓದಿ ಸಂಕಟ ಆಯಿತು. ಬಾಯ್ಲರ್‌ಮನೆ ಸರ್, ಒಂದೇ ಒಂದು ಪ್ರಶ್ನೆ. ಎಫ್‌ಜಿಡಿ ನಿಯಮ ಭಾರತದಲ್ಲೂ ಇದೆಯಲ್ವಾ? ಅದು ಎಲ್ಲಿಗೆ ಬಂತು?

ಬಾಯ್ಲರ್‌ಮನೆ:

ಇತ್ತು. 2015ರ ಡಿಸೆಂಬರ್‌ನಲ್ಲಿ ಬಂತು, ಎರಡು ವರ್ಷದಲ್ಲಿ ಮುಗಿಸಿ ಅಂದರು. ಗಡುವು ಮುಂದೆ ಹೋಯಿತು, ಮತ್ತೆ ಹೋಯಿತು. 2021ರಲ್ಲಿ ಸ್ಥಾವರಗಳನ್ನು ಅವು ಇರುವ ಜಾಗ ನೋಡಿ ಎ, ಬಿ, ಸಿ ಅಂತ ಮೂರು ಗುಂಪು ಮಾಡಿದರು. 2025ರ ಜುಲೈನಲ್ಲಿ ಸಿ ಗುಂಪಿಗೆ ಎಫ್‌ಜಿಡಿ ಬೇಡವೇ ಬೇಡ ಅಂದರು. ಅದರಲ್ಲಿ ದೇಶದ ಮುಕ್ಕಾಲು ಪಾಲಿಗಿಂತ ಜಾಸ್ತಿ ಸ್ಥಾವರಗಳು ಬರುತ್ತವೆ. ಕಡ್ಡಾಯ ಉಳಿದದ್ದು ಎ ಗುಂಪಿಗೆ, ಅಂದರೆ ದೆಹಲಿ ವಲಯ ಮತ್ತು 10 ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರಗಳ 10 ಕಿಲೋಮೀಟರ್ ಒಳಗಿನವಕ್ಕೆ. ಬಿ ಗುಂಪಿನದು ಒಂದೊಂದಾಗಿ ನೋಡಿ ತೀರ್ಮಾನ.

ಕೊಟ್ಟ ಕಾರಣ, ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸುತ್ತಲ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಮಿತಿಯೊಳಗೇ ಇದೆ. ಗಂಧಕ ಕಡಿಮೆ ಅನ್ನುವುದು ನಿಜ. ಆದರೆ ಬೂದಿ ಜಾಸ್ತಿ, ಕಾವು ಕಡಿಮೆ, ಹಾಗಾಗಿ ಅಷ್ಟೇ ಕರೆಂಟಿಗೆ ಹೆಚ್ಚು ಸುಡುತ್ತೇವೆ. ಮೇಲಾಗಿ ಸ್ಥಾವರದ ಹತ್ತಿರ ಅನಿಲ ಅಳೆದರೆ ಅದು ಮುಂದೆ ಹೋಗಿ ಕಣ ಆದದ್ದು ಆ ಮೀಟರಿನಲ್ಲಿ ಕಾಣುವುದೇ ಇಲ್ಲ. 10 ಕಿಲೋಮೀಟರ್ ಗೆರೆ ಎಳೆದವರು ಇದಕ್ಕೆ ಉತ್ತರ ಕೊಡಬೇಕು.

ನಿಮ್ಮ ಹತ್ತಿರದಲ್ಲಿ ಸ್ಥಾವರ ಇದ್ದರೆ ಅದು ಯಾವ ಗುಂಪಿನಲ್ಲಿದೆ ನೋಡಿ. ಚಿಮಣಿಯಲ್ಲಿ ಸದಾ ಅಳೆಯುವ ಮೀಟರ್ ನಮ್ಮಲ್ಲೂ ಇದೆ, ಅಂಕಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗುತ್ತದೆ. ಕಳೆದ ಒಂದು ವರ್ಷದ ಸಲ್ಫರ್ ಡೈಆಕ್ಸೈಡ್ ಅಂಕಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬರೀ ಸರಾಸರಿ ಕೇಳಬೇಡಿ, ಗಂಟೆವಾರು ಕೇಳಿ. ಮೀಟರ್ ಎಷ್ಟು ಗಂಟೆ ಬಂದ್ ಇತ್ತು ಅನ್ನುವುದನ್ನೂ ಸೇರಿಸಿ. ಸಿಕ್ಕರೆ ಇಲ್ಲೇ ಹಾಕಿ, ಓದುವುದು ಹೇಗೆ ಅಂತ ನಾನು ಹೇಳುತ್ತೇನೆ.