ವಿಮಾನ ತಳ್ಳೋವಾಗ ಪ್ರೊಪೆಲ್ಲರ್ ಹಿಡೀಬಹುದಾ?

ಟ್ರೈನಿ_172:
ಎಲ್ರಿಗೂ ನಮಸ್ಕಾರ. ಸೆಸ್ನಾ 172 ಅನ್ನೋ ಸಣ್ಣ ವಿಮಾನದಲ್ಲಿ ಟ್ರೈನಿಂಗ್ ನಡೀತಿದೆ. ಹಾರೋದನ್ನ ಚೆನ್ನಾಗಿ ಹೇಳ್ಕೊಡ್ತಾರೆ, ಆದ್ರೆ ಹ್ಯಾಂಗರ್‌ನಿಂದ ಹೊರಗೆ ತರೋದು, ವಾಪಸ್ ಒಳಗೆ ಹಾಕೋದು, ಇದನ್ನ ಒಬ್ಬೊಬ್ರು ಒಂದೊಂದ್ ಥರ ಮಾಡ್ತಾರೆ. ಕೆಲವರು ಪ್ರೊಪೆಲ್ಲರ್ ಹಿಡಿದೇ ಎಳೀತಾರೆ, ಕೀ ಜೇಬಲ್ಲೇ ಇದೆಯಲ್ಲ ಏನೂ ಆಗಲ್ಲ ಅಂತಾರೆ. ಇನ್ನು ಕೆಲವರು ಅದನ್ನ ಮುಟ್ಟಲೇಬೇಡ ಅಂತಾರೆ. ಯಾವುದು ಸರಿ? ಟೋ ಬಾರ್ (ಮುಂದಿನ ಚಕ್ರಕ್ಕೆ ಸಿಕ್ಕಿಸಿ ಎಳೆಯೋ ರಾಡ್) ಇಲ್ದಿದ್ರೆ ಕೈ ಎಲ್ಲಿಡ್ಬೇಕು? ಗಾಳಿ ಇದ್ದಾಗ ಟ್ಯಾಕ್ಸಿ ಮಾಡೋವಾಗ, ಅಂದ್ರೆ ನೆಲದ ಮೇಲೆ ಓಡಿಸೋವಾಗ, ಯೋಕ್ (ಸ್ಟೀರಿಂಗ್ ಥರದ ಹಿಡಿ) ಯಾವ ಕಡೆ ಇರ್ಬೇಕು ಅನ್ನೋದೂ ಇನ್ನೂ ತಲೇಲಿ ಕೂತಿಲ್ಲ.

ಹ್ಯಾಂಗರ್_ಮೆಕ್ಯಾನಿಕ್:
ಮುಟ್ಟಬೇಡ ಅಂದವರು ಸರಿಯಾಗೇ ಹೇಳಿದಾರೆ. ಕೀ ಜೇಬಲ್ಲಿದೆ ಅನ್ನೋ ಧೈರ್ಯ ಕಾರಿಗೆ ಸರಿ, ಇಲ್ಲಿ ನಡೆಯಲ್ಲ. ಎಂಜಿನ್‌ಗೆ ಕಿಡಿ ಕೊಡೋ ಮ್ಯಾಗ್ನೆಟೋಗೆ ಬ್ಯಾಟರಿ ಬೇಕಾಗಿಲ್ಲ, ಎಂಜಿನ್ ತಿರುಗಿದ್ರೆ ಸಾಕು ತನ್ನ ಕರೆಂಟ್ ತಾನೇ ಹುಟ್ಟಿಸ್ಕೊಳುತ್ತೆ. ಕೀ ಆಫ್ ಮಾಡಿದಾಗ ಆಗೋದಿಷ್ಟೇ, ಪಿ-ಲೀಡ್ ಅನ್ನೋ ಒಂದು ವೈರ್ ಮೂಲಕ ಆ ಕರೆಂಟ್ ಗ್ರೌಂಡ್‌ಗೆ ಹೋಗುತ್ತೆ. ಆ ವೈರ್ ತುಂಡಾಗಿದ್ರೆ ಅಥವಾ ಸಡಿಲ ಆಗಿದ್ರೆ ಕೀ ನಿಮ್ಮ ಮನೇಲಿದ್ರೂ ಮ್ಯಾಗ್ನೆಟೋ ಆನ್ ಇದ್ದ ಹಾಗೇ ಲೆಕ್ಕ, ಮತ್ತೆ ಹೊರಗಿಂದ ನೋಡಿದ್ರೆ ಇದು ಯಾರಿಗೂ ಗೊತ್ತಾಗಲ್ಲ. ಇಂಪಲ್ಸ್ ಕಪ್ಲಿಂಗ್ ಇರೋ ಮ್ಯಾಗ್ನೆಟೋ ಆದ್ರೆ ಬ್ಲೇಡ್ ನಿಧಾನಕ್ಕೆ ಕೈಯಲ್ಲಿ ತಿರುಗಿದ್ರೂ ಒಳ್ಳೆ ಕಿಡಿ ಕೊಡುತ್ತೆ, ಅದನ್ನ ಇಟ್ಟಿರೋದೇ ಸ್ಟಾರ್ಟ್ ಮಾಡೋವಾಗ ನಿಧಾನ ತಿರುಗಿದ್ರೂ ಎಂಜಿನ್ ಹತ್ಕೊಳ್ಳಲಿ ಅಂತ. ಸಿಲಿಂಡರ್‌ನಲ್ಲಿ ಒಂಚೂರು ಇಂಧನ ಉಳಿದಿದ್ರೆ ಸಾಕು, ಬ್ಲೇಡ್ ಒಂದು ಸಲ ಜೋರಾಗಿ ಒದ್ದು ತಿರುಗುತ್ತೆ, ಕೈ ತೆಗೆಯೋಕೆ ಟೈಮೇ ಸಿಗಲ್ಲ. ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ.

ಸ್ಪಿನ್ನರ್ (ಪ್ರೊಪೆಲ್ಲರ್ ಮಧ್ಯದ ಚೂಪು ಟೋಪಿ) ಒತ್ತಿ ತಳ್ಳೋದೂ ಬೇಡ, ಅದು ತೆಳು ತಗಡು, ಹಿಂದಿನ ಪ್ಲೇಟ್ ಬಿರುಕು ಬಿಡುತ್ತೆ.

ಇನ್‌ಸ್ಟ್ರಕ್ಟರ್_ಅಕ್ಕ:
ಮೇಲಿನವರು ಹೇಳಿದ್ದಕ್ಕೆ ಸೇರಿಸ್ತೀನಿ. ಟೋ ಬಾರ್ ಇದ್ರೆ ಅದನ್ನೇ ಬಳಸಿ, ಆದ್ರೆ 172ರಲ್ಲಿ ಮುಂದಿನ ಚಕ್ರವನ್ನ ಎಡಕ್ಕಾಗಲಿ ಬಲಕ್ಕಾಗಲಿ 30 ಡಿಗ್ರಿಗಿಂತ ಜಾಸ್ತಿ ತಿರುಗಿಸಬಾರದು, ಜಾಸ್ತಿ ಆದ್ರೆ ನೋಸ್ ಗೇರ್‌ಗೆ ಪೆಟ್ಟು. ಟೋ ಬಾರ್ ಇಲ್ಲ ಅಂದ್ರೆ ರೆಕ್ಕೆಯ ಸ್ಟ್ರಟ್ (ರೆಕ್ಕೆಯಿಂದ ಬಾಡಿಗೆ ಓರೆಯಾಗಿ ಬರೋ ಕಂಬಿ) ಮೇಲೆ ಕೈಯಿಟ್ಟು ತಳ್ಳಿ. ತಿರುಗಿಸಬೇಕಾದ್ರೆ ಬಾಲದ ಹತ್ರ, ಸ್ಟೆಬಿಲೈಸರ್‌ಗಿಂತ (ಬಾಲದ ಅಡ್ಡ ರೆಕ್ಕೆ) ಸ್ವಲ್ಪ ಮುಂದೆ, ಬಾಡಿ ಮೇಲೆ ಕೆಳಕ್ಕೆ ಒತ್ತಿ, ಒಳಗೆ ಬಲ್ಕ್‌ಹೆಡ್ (ಗಟ್ಟಿ ಅಡ್ಡ ಚೌಕಟ್ಟು) ಇರೋ ಜಾಗದಲ್ಲಿ, ಆಗ ಮುಂದಿನ ಚಕ್ರ ಮೇಲೇಳುತ್ತೆ. ಸ್ಟೆಬಿಲೈಸರ್ ತುದಿ, ಬಾಲದಲ್ಲಿ ಅಲ್ಲಾಡೋ ಎಲಿವೇಟರ್ ಮತ್ತೆ ರಡ್ಡರ್, ರೆಕ್ಕೆ ಹಿಂಚಿನ ಏಲರಾನ್ ಯಾವುದನ್ನೂ ಹಿಡ್ಕೊಂಡು ತಳ್ಳೋ ಹಾಗಿಲ್ಲ.

ಹಿಂದಕ್ಕೆ ತಳ್ಳೋವಾಗ ಎಲ್ಲರ ಕಣ್ಣೂ ಒಂದೇ ರೆಕ್ಕೆ ಮೇಲಿರುತ್ತೆ, ಅಷ್ಟರಲ್ಲಿ ಬಾಲ ಹೋಗಿ ಇನ್ನೊಂದು ಕಡೆ ಬಾಗಿಲಿಗೆ ತಾಗುತ್ತೆ. ರೆಕ್ಕೆ ತುದಿಯಿಂದ ತುದಿಗೆ ಸುಮಾರು 11 ಮೀಟರ್, ಒಬ್ರಿಗೆ ಎರಡೂ ಕಡೆ ನೋಡ್ಕೊಳ್ಳೋಕೆ ಆಗೋದೇ ಇಲ್ಲ. ಎರಡು ರೆಕ್ಕೆಗೂ ಒಬ್ಬೊಬ್ರು, ಬಾಲಕ್ಕೆ ಒಬ್ರು ನಿಂತ್ಕೊಳ್ಳಿ, ಯಾರೇ ನಿಲ್ಸಿ ಅಂದ್ರೂ ಯಾಕೆ ಅಂತ ಕೇಳದೆ ನಿಲ್ಸಿ.

ಟೋ ಬಾರ್ ಕೆಲಸ ಆದ ತಕ್ಷಣ ತೆಗೆದು ಅದರ ಜಾಗಕ್ಕೆ ಹಾಕಿ. ಅದನ್ನ ಚಕ್ರಕ್ಕೆ ಬಿಟ್ಟೇ ಎಂಜಿನ್ ಸ್ಟಾರ್ಟ್ ಮಾಡಿದ್ರೆ ಬ್ಲೇಡ್‌ಗೆ ಬಡಿಯುತ್ತೆ, ಆಮೇಲೆ ಪ್ರೊಪೆಲ್ಲರ್ ಬದಲಾಯಿಸಿದ್ರೆ ಮುಗೀಲಿಲ್ಲ, ಎಂಜಿನ್ ಬಿಚ್ಚಿ ಒಳಗೆ ನೋಡೋ ಪರಿಸ್ಥಿತಿ. ನಮ್ಮಲ್ಲಿ ನಿಯಮ ಒಂದೇ, ಬಾರ್ ಚಕ್ರದಲ್ಲಿದ್ರೆ ಕೈ ಬಾರ್ ಮೇಲೇ ಇರ್ಬೇಕು, ಕೈ ಬಿಡ್ಬೇಕಾದ್ರೆ ಬಾರ್ ತೆಗೀಬೇಕು. ನೀವೂ ಇದನ್ನೇ ಇಟ್ಕೊಳ್ಳಿ.

ಕ್ರಾಸ್‌ವಿಂಡ್:
ಗಾಳಿ ಪ್ರಶ್ನೆಗೆ. ಗಾಳಿ ಮುಂದಿಂದ ಓರೆಯಾಗಿ ಬಂದ್ರೆ ಯೋಕ್ ಗಾಳಿ ಬರೋ ಕಡೆಗೆ ತಿರುಗಿಸಿ, ಎಲಿವೇಟರ್ ನ್ಯೂಟ್ರಲ್, ಅಂದ್ರೆ ಯೋಕ್ ಮುಂದಕ್ಕೂ ಹಿಂದಕ್ಕೂ ಹೋಗದೆ ಮಧ್ಯದಲ್ಲಿರಲಿ. ಹಿಂದಿಂದ ಓರೆಯಾಗಿ ಬಂದ್ರೆ ಗಾಳಿಗೆ ವಿರುದ್ಧ ಕಡೆಗೆ ತಿರುಗಿಸಿ ಯೋಕ್ ಮುಂದಕ್ಕೆ ಒತ್ತಿ, ಆಗ ಗಾಳಿ ಬರೋ ಕಡೆಯ ಏಲರಾನ್, ಎಲಿವೇಟರ್ ಎರಡೂ ಕೆಳಗಿರುತ್ತೆ, ಗಾಳಿ ಅವುಗಳ ಮೇಲೆ ಬಿದ್ದು ರೆಕ್ಕೆನೂ ಬಾಲನೂ ನೆಲಕ್ಕೆ ಒತ್ತಿ ಹಿಡಿಯುತ್ತೆ. ಹೈ ವಿಂಗ್ (ರೆಕ್ಕೆ ಮೇಲಿರೋ), ಮೂರು ಚಕ್ರದ ವಿಮಾನಕ್ಕೆ ನಿಜವಾಗ್ಲೂ ಅಪಾಯದ್ದು ಈ ಎರಡನೇದೇ. ಅಲ್ಲಿ ನಡೆಯೋ ಸ್ಪೀಡ್‌ನಲ್ಲೇ ಹೋಗಿ, ತಿರುವಲ್ಲಿ ಇದ್ದಕ್ಕಿದ್ದಂತೆ ಬ್ರೇಕ್ ಬೇಡ ಪವರ್ರೂ ಬೇಡ. ತಿರುಗ್ತಾ ಹೋದ ಹಾಗೆ ಗಾಳಿ ದಿಕ್ಕು ಬದಲಾಗುತ್ತಲ್ಲ, ಕೈನೂ ಜೊತೆಗೇ ಬದಲಾಗ್ತಿರಬೇಕು.

ಟ್ರೈನಿ_172:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಪಿ-ಲೀಡ್ ವಿಷಯ ಯಾರೂ ಹೇಳಿರ್ಲಿಲ್ಲ. ರಾತ್ರಿ ಹೊರಗೆ ನಿಲ್ಸೋವಾಗ ಪಾರ್ಕಿಂಗ್ ಬ್ರೇಕ್ ಸಾಕಾ? ವಿಮಾನ ನೆಲಕ್ಕೆ ಕಟ್ಟೋ ಹಗ್ಗ ಎಷ್ಟು ಬಿಗಿಯಾಗಿರ್ಬೇಕು?

ಹ್ಯಾಂಗರ್_ಮೆಕ್ಯಾನಿಕ್:
ಸಾಕಾಗಲ್ಲ, ಬ್ರೇಕ್ ಪ್ರೆಶರ್ ನಿಧಾನಕ್ಕೆ ಇಳಿದುಹೋಗಬಹುದು. ಚಕ್ರಕ್ಕೆ ಚಾಕ್ (ಅಡ್ಡಗಟ್ಟೆ) ಇಡಿ, ಯೋಕ್ ಅಲ್ಲಾಡದ ಹಾಗೆ ಕಂಟ್ರೋಲ್ ಲಾಕ್ ಹಾಕಿ, ಸಾಧ್ಯ ಆದ್ರೆ ಮೂತಿ ಗಾಳಿ ಕಡೆಗಿರಲಿ. ಹಗ್ಗ ಒಂಚೂರು ಸಡಿಲ ಇರ್ಬೇಕು, ತೀರಾ ಬಿಗಿ ಕಟ್ಟಿದ್ರೆ ರೆಕ್ಕೆ ಮೇಲೆ ಸುಮ್ನೆ ಎಳೆತ ಬೀಳುತ್ತೆ, ಅದೂ ನಾರಿನ ಹಗ್ಗ ಆದ್ರೆ ಮಳೇಲಿ ನೆನೆದು ಕುಗ್ಗಿ ಇನ್ನೂ ಬಿಗಿಯಾಗುತ್ತೆ, ನೈಲಾನ್‌ಗೆ ಆ ತೊಂದರೆ ಇಲ್ಲ. ಜಾಸ್ತಿ ಸಡಿಲ ಬಿಟ್ರೆ ಗಾಳಿಗೆ ಜಗ್ಗಿ ಜಗ್ಗಿ ಎಳೀತಿರುತ್ತೆ, ಅದೂ ಕೆಟ್ಟದ್ದೇ. ರೆಕ್ಕೆ ಕೆಳಗಿನ ಮತ್ತೆ ಬಾಲದ ರಿಂಗ್‌ಗೇ ಕಟ್ಟಿ, ಸ್ಟ್ರಟ್‌ಗೆ ಸುತ್ತಿ ಕಟ್ಟಬೇಡಿ, ಹಗ್ಗ ಜಾರಿ ಮಧ್ಯಕ್ಕೆ ಬಂದ್ರೆ ಸ್ವಲ್ಪ ಎಳೆತಕ್ಕೂ ಸ್ಟ್ರಟ್ ಬಗ್ಗುತ್ತೆ.