ಒಟಾಕು ನೋ ವಿಡಿಯೋ: ಆ ಗ್ಯಾರೇಜ್ ಕಿಟ್ ಮಾಡೋದು ಹೇಗೆ?

ಕಡಲತಡಿ:
ಗೈನಾಕ್ಸ್‌ನವರ 'ಒಟಾಕು ನೋ ವಿಡಿಯೋ' (1991) ಅನ್ನೋ ಜಪಾನಿ ಅನಿಮೆ ಚಿತ್ರ ನೋಡಿದೆ. ಟೆನಿಸ್ ಆಡಿಕೊಂಡಿದ್ದ ಕುಬೋ ಹಳೇ ಗೆಳೆಯ ತನಾಕನ ಕೈಗೆ ಸಿಕ್ಕಿ ಹುಚ್ಚು ಹತ್ತಿಸಿಕೊಳ್ಳೋದು, ಹುಡುಗಿ ಬಿಟ್ಟುಹೋದ ಮೇಲೆ 'ಒಟಾಕಿಂಗ್' (ಒಟಾಕು ಅಂದರೆ ಅನಿಮೆ ಮುಂತಾದವುಗಳ ಹುಚ್ಚು ಹಿಡಿದವರು, ಅವರ ರಾಜ) ಆಗ್ತೀನಿ ಅಂತ ಪಣ ತೊಡೋದು, ಎಲ್ಲಾ ಮಜವಾಗಿದೆ. ಎರಡು ಪ್ರಶ್ನೆ. ಅವರು ವ್ಯಾಪಾರಕ್ಕಿಳಿಯೋ ಗ್ಯಾರೇಜ್ ಕಿಟ್ (ಕೈಯಾರೆ ಎರಕ ಹೊಯ್ದ, ಕೊಂಡವರು ಜೋಡಿಸಿ ಬಣ್ಣ ಹಚ್ಚೋ ಬೊಂಬೆ ಭಾಗಗಳು), ಅಂಗಡೀಲಿ ಸಿಗೋ ಪ್ಲಾಸ್ಟಿಕ್ ಮಾಡೆಲ್‌ಗಿಂತ ಹೇಗೆ ಬೇರೆ? ಮನೇಲಿ ಒಂದು ಸಣ್ಣ ಭಾಗ ಎರಕ ಹೊಯ್ಯೋಕೆ ಏನು, ಎಷ್ಟು ಬೇಕು? (ಊರು ಮಂಗಳೂರು, ಮಳೆಗಾಲ.) ಇನ್ನೊಂದು, ನಡುನಡುವೆ ಬರೋ ಸಂದರ್ಶನಗಳಲ್ಲಿ ಒಟಾಕುಗಳನ್ನ ಯಾಕಷ್ಟು ಹೀನಾಯವಾಗಿ ತೋರಿಸಿದ್ದಾರೆ?

ಹಳೇಕ್ಯಾಸೆಟ್:
ಪ್ಲಾಸ್ಟಿಕ್ ಮಾಡೆಲ್‌ಗೆ ಲೋಹದ ಅಚ್ಚು ಬೇಕು. ಅದರ ಖರ್ಚು ಹುಟ್ಟಬೇಕಾದರೆ ಸಾವಿರಗಟ್ಟಲೆ ಮಾರಬೇಕು. ಗ್ಯಾರೇಜ್ ಕಿಟ್ಟಿಗೆ ಸಿಲಿಕೋನ್ ಅಚ್ಚು ಸಾಕು. ಇಪ್ಪತ್ತು ಮೂವತ್ತು ಪ್ರತಿ ತೆಗೆಯೋ ಹೊತ್ತಿಗೆ ಅದು ಹರಿದುಹೋಗುತ್ತೆ. ಹಾಗಾಗಿ ಹತ್ತೇ ಜನ ಕೊಳ್ಳೋ ಪಾತ್ರಕ್ಕೂ ಕಿಟ್ ಮಾಡಬಹುದು, ಆದರೆ ಬೆಲೆ ಜಾಸ್ತಿ. ಗೈನಾಕ್ಸ್ ಕಟ್ಟಿದವರು ಅದಕ್ಕೂ ಮೊದಲು, 1982ರಲ್ಲಿ, ಒಸಾಕಾದಲ್ಲಿ ಜನರಲ್ ಪ್ರಾಡಕ್ಟ್ಸ್ ಅನ್ನೋ ಅಂಗಡಿ ತೆರೆದು ಇದನ್ನೇ ಮಾರ್ತಿದ್ದವರು. ವಂಡರ್ ಫೆಸ್ಟಿವಲ್ ಅನ್ನೋ ಕಿಟ್ ಮೇಳ ಶುರುಮಾಡಿದ್ದೂ ಅವರೇ. 1992ರಲ್ಲಿ ಅದು ಕೈಯೋಡೋ ಅನ್ನೋ ಬೊಂಬೆ ತಯಾರಕ ಕಂಪನಿಯ ಕೈಗೆ ಹೋಯ್ತು. ಹಕ್ಕುದಾರರಿಂದ ಆ ಒಂದು ದಿನದ ಮಟ್ಟಿಗೆ ಅನುಮತಿ ಪಡೆದು, ಹವ್ಯಾಸಿಗಳು ತಾವು ಮಾಡಿದ ಕಿಟ್ ಅಲ್ಲಿ ಮಾರಬಹುದು. ಅಂದಮೇಲೆ ಕುಬೋ ಕಥೆ ಅವರದ್ದೇ ಕಥೆ. ಚಿತ್ರದಲ್ಲಿ ಅವರು ಕಟ್ಟೋ ಸ್ಟುಡಿಯೋ 'ಜೈಂಟ್ ಎಕ್ಸ್' ಹೆಸರನ್ನ ಒಂದು ಸಲ ಬೇಗ ಬೇಗ ಹೇಳಿ ನೋಡಿ, ಗೈನಾಕ್ಸ್ ಅಂತಲೇ ಕೇಳುತ್ತೆ!

ಅಚ್ಚುಗಾರ:
ಎರಕದ ವಿಷಯ ನಾನು ಹೇಳ್ತೀನಿ. ಮೂಲ ಭಾಗ 5×3×2 ಸೆಂ.ಮೀ. ಇದೆ ಅಂತಿಟ್ಕೊಳ್ಳಿ. ಸುತ್ತ ಒಂದೊಂದು ಸೆಂ.ಮೀ. ಬಿಟ್ಟರೆ ಪೆಟ್ಟಿಗೆ ಒಳಗಡೆ 7×5×4, ಅಂದರೆ 140 ಮಿ.ಲೀ. ಅಚ್ಚನ್ನ ಎರಡು ಅರ್ಧವಾಗಿ ಮಾಡ್ತೀವಿ, ಎರಡಕ್ಕೂ ಸೇರಿ 150 ಗ್ರಾಂ ಸಿಲಿಕೋನ್ ಸಾಕು. ಪೆಟ್ಟಿಗೆಗೆ ಲೆಗೋ ಇಟ್ಟಿಗೆ ಚೆನ್ನ, ಬಿಚ್ಚೋದು ಸುಲಭ.

ಗಂಧಕ ಇಲ್ಲದ ಎಣ್ಣೆ ಕ್ಲೇಯಲ್ಲಿ ಭಾಗವನ್ನ ಸರಿಯಾಗಿ ಅರ್ಧದವರೆಗೆ ಹೂಳಿ. ಗಂಧಕ ಇದ್ದರೆ ಪ್ಲಾಟಿನಂ ಸಿಲಿಕೋನ್ (ಗಟ್ಟಿಕಾರಕದ ಮೇಲೆ ಟಿನ್, ಪ್ಲಾಟಿನಂ ಅಂತ ಎರಡು ಬಗೆ) ಗಟ್ಟಿಯಾಗದೆ ಅಂಟಂಟಾಗೇ ಉಳಿಯುತ್ತೆ. ಪೆನ್ನಿನ ಹಿಂಬದಿಯಿಂದ ಸುತ್ತ ನಾಲ್ಕಾರು ಗುಳಿ ಒತ್ತಿ, ಆಮೇಲೆ ಎರಡರ್ಧ ಜಾರದೆ ಕೂರೋಕೆ. ಟಿನ್ ಸಿಲಿಕೋನ್ ಆದರೆ ಸಾಮಾನ್ಯವಾಗಿ 100 ಗ್ರಾಂಗೆ 2ರಿಂದ 5 ಗ್ರಾಂ ಗಟ್ಟಿಕಾರಕ. ಡಬ್ಬಿ ಮೇಲೆ ಬರೆದದ್ದೇ ಕೊನೆ ಮಾತು. ಬೇಗ ಆಗಲಿ ಅಂತ ಜಾಸ್ತಿ ಹಾಕಿದರೆ ಗುಳ್ಳೆ ಮೇಲೇಳೋ ಮೊದಲೇ ಬಿಗಿಯುತ್ತೆ. ಮೊದಲು ಬ್ರಶ್ಶಿನಲ್ಲಿ ತೆಳ್ಳಗೆ ಬಳಿದು, ಮಿಕ್ಕಿದ್ದನ್ನ ಪೆಟ್ಟಿಗೆಯ ಒಂದೇ ಮೂಲೆಯಲ್ಲಿ, ಎತ್ತರದಿಂದ ದಾರದ ಹಾಗೆ ಸುರೀರಿ.

ಮಾರನೇ ದಿನ ಮಗುಚಿ ಕ್ಲೇ ತೆಗೀರಿ, ಭಾಗ ಅಲ್ಲೇ ಇರಲಿ. ಸಿಲಿಕೋನ್ ಮೇಲೆಲ್ಲಾ ವ್ಯಾಸಲೀನ್ ತೆಳುವಾಗಿ ಸವರಿ. ಇದನ್ನ ಮರೆತರೆ ಮುಗೀತು, ಎರಡರ್ಧ ಬೆಸೆದು ಒಂದೇ ಮುದ್ದೆ. ಆಮೇಲೆ ಎರಡನೇ ಅರ್ಧ ಹೊಯ್ದು, ಬಿಡಿಸಿದ ಮೇಲೆ ಬ್ಲೇಡಿನಲ್ಲಿ ರಾಳ (ಗಟ್ಟಿಯಾಗಿ ಪ್ಲಾಸ್ಟಿಕ್ ಆಗೋ ದ್ರವ) ಹೋಗೋ ದಾರಿ, ಗಾಳಿ ಹೊರಬರೋ ದಾರಿ ಕೊರೀರಿ. ಗಾಳಿಗಂಡಿ ಭಾಗದ ಅತಿ ಎತ್ತರದ ತುದಿಗೇ ಇರಬೇಕು. ಬೆರಳ ತುದಿ, ಜಡೆಯ ತುದಿ ಮೊಂಡಾಗೋದು ಇಲ್ಲೇ. ಎರಕಕ್ಕೆ ಮುಂಚೆ ಅಚ್ಚಿಗೆ ಚೂರು ಬೇಬಿ ಪೌಡರ್ ಉದುರಿಸಿ ಕೊಡವಿದರೆ ರಾಳ ಸಂದುಗೊಂದಿಗೆಲ್ಲ ನುಗ್ಗುತ್ತೆ.

ಕಡಲತಡಿ:
ಯುರೆಥೇನ್ ರಾಳ ಎಷ್ಟು? ಕೇಕಿನ ಹಾಗೆ ಉಬ್ಬಿಬಿಡುತ್ತೆ ಅಂತ ಎಲ್ಲೋ ಓದಿದೆ.

ಅಚ್ಚುಗಾರ:
ಭಾಗ ಪೂರಾ ಇಟ್ಟಿಗೆಯಂತಿರಲ್ಲ, ಹಾಗಾಗಿ ಈ ಅಳತೆಗೆ ದಾರಿಯೂ ಸೇರಿ ಸುಮಾರು 22 ಗ್ರಾಂ. ರಾಳದ ಎರಡು ದ್ರವ, ಎ ಮತ್ತು ಬಿ, ಸಮತೂಕದ್ದಾದರೆ 11+11. ಒಂದು ಗ್ರಾಂ ತಪ್ಪಿದರೂ ಹತ್ತಿರ ಹತ್ತು ಶೇಕಡ ತಪ್ಪಿದ ಹಾಗೆ, ಅಡುಗೆಮನೆ ತಕ್ಕಡಿ ಸಾಲದು, 0.1 ಗ್ರಾಂ ತೋರಿಸೋದು ಬೇಕು. ಬೇಗ ಗಟ್ಟಿಯಾಗೋ ರಾಳದಲ್ಲಿ ಕಲಸಿ ಹೊಯ್ಯೋಕೆ ಸಿಗೋದು ಎರಡು ಮೂರು ನಿಮಿಷ ಅಷ್ಟೇ.

ಉಬ್ಬೋದು ತೇವದಿಂದ. ಆ ಎರಡು ದ್ರವಗಳಲ್ಲಿ ಒಂದರಲ್ಲಿರೋ ಐಸೊಸಯನೇಟ್ ನೀರಿನ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಬಿಡುತ್ತೆ, ರಾಳ ನೊರೆಯಾಗುತ್ತೆ. ಮಂಗಳೂರಿನ ಜುಲೈನಲ್ಲಿ ಡಬ್ಬಿ ತೆರೆದಿಟ್ಟರೆ ಸಾಕು. ತೂಗಿದ ತಕ್ಷಣ ಮುಚ್ಚಿ. ಐಸ್‌ಕ್ಯಾಂಡಿ ಕಡ್ಡಿ, ಕಾಗದದ ಕಪ್ ಬೇಡ. ಎರಡೂ ತೇವ ಹಿಡಿದಿರುತ್ತವೆ. ಪ್ಲಾಸ್ಟಿಕ್ ಕಪ್, ಸ್ಟೀಲ್ ಚಮಚ. ಕಿಟಕಿ ತೆರೆದು, ಕೈಗವಸು, ರಾಸಾಯನಿಕ ಆವಿ ತಡೆಯೋ ಮಾಸ್ಕ್ ಹಾಕಿಯೇ ಮಾಡಿ. ಬಟ್ಟೆ ಮಾಸ್ಕ್ ಲೆಕ್ಕಕ್ಕಿಲ್ಲ.

ಹಳೇಕ್ಯಾಸೆಟ್:
ಸಂದರ್ಶನದ ಬಗ್ಗೆ: ಅವು ನಿಜವಲ್ಲ, ಸಾಕ್ಷ್ಯಚಿತ್ರದ ಅಣಕು. ಮುಖ ಮರೆಸೋ ಮೊಸಾಯಿಕ್ ಚೌಕಗಳು, ಧ್ವನಿ ಬದಲು, ಅಪರಾಧಿಗಳನ್ನ ತೋರಿಸೋ ಧಾಟಿ. 'ಒಟಾಕು' ಮೂಲದಲ್ಲಿ ನಮ್ಮ 'ತಾವು' ಥರದ ಮರ್ಯಾದೆ ಮಾತು. 1983ರಲ್ಲಿ ಅಂಕಣಕಾರ ನಕಾಮೊರಿ ಅಕಿಯೋ ಅದನ್ನ ಇಂಥ ಅಭಿಮಾನಿಗಳ ಗೇಲಿಯ ಹೆಸರು ಮಾಡಿದರು. 1989ರ ಮಕ್ಕಳ ಕೊಲೆ ಪ್ರಕರಣದ ಆರೋಪಿಯನ್ನ ಪತ್ರಿಕೆಗಳು ಒಟಾಕು ಅಂದ ಮೇಲೆ ಪೂರಾ ಕೆಟ್ಟ ಮಾತಾಯ್ತು. ಎರಡೇ ವರ್ಷಕ್ಕೆ ಬಂದ ಚಿತ್ರ ಇದು. ಊರು ನಮ್ಮನ್ನ ನೋಡೋ ಕಣ್ಣು ಇದು ಅಂತ ಸಂದರ್ಶನದಲ್ಲಿ ತೋರಿಸಿ, ಪಕ್ಕದಲ್ಲೇ ಅದೇ ಬೈಗುಳಕ್ಕೆ 'ಕಿಂಗ್' ಸೇರಿಸಿಕೊಂಡಿದ್ದಾರೆ.

ಬಣ್ಣದಡಬ್ಬಿ:
ಅರ್ಧ ಒಪ್ಪಿದೆ. ಟೇಪಿಗೆ ತುಂಬಿಕೊಂಡು ಏನನ್ನೂ ನೋಡದವನು, ಸೆಲ್ (ಅನಿಮೆ ಚಿತ್ರ ಬಿಡಿಸಿದ ಪಾರದರ್ಶಕ ಹಾಳೆ) ಕದಿಯೋನು, ಇವರ ಮೇಲಿನ ನಗು ಪ್ರೀತಿಯದ್ದಷ್ಟೇ ಅಲ್ಲ, ಚೂರು ಅಸಹ್ಯವೂ ಇದೆ. ಅದಕ್ಕೇ ಚಿತ್ರ ಸಪ್ಪೆಯಾಗಿಲ್ಲ.

@ಕಡಲತಡಿ, ಎರಕ ಬಂದ ಮೇಲೆ ನೇರ ಬಣ್ಣ ಹಚ್ಚಬೇಡಿ. ವ್ಯಾಸಲೀನ್ ಜಿಡ್ಡು ಉಳಿದಿರುತ್ತೆ, ಮಾಸ್ಕಿಂಗ್ ಟೇಪ್ ಕೀಳುವಾಗ ಬಣ್ಣವೂ ಸಿಪ್ಪೆಯಂತೆ ಎದ್ದು ಬರುತ್ತೆ. ಪಾತ್ರೆ ಸೋಪು, ಹಳೇ ಟೂತ್‌ಬ್ರಶ್, ಉಗುರು ಬೆಚ್ಚಗಿನ ನೀರು. ಪೂರ್ತಿ ಒಣಗಿದ ಮೇಲೆ ಪ್ರೈಮರ್ (ಬಣ್ಣ ಹಿಡಿಸೋ ಮೊದಲ ಲೇಪ).